ಗುಡ್ಡದ ಮೇಲಿನ ರಿಪೀಟರ್ ಅಂದ್ರೆ ಯಾರದ್ದೋ ಮನೆ ಜಗಲಿ: ಹೊಸ ಹ್ಯಾಮ್‌ಗಳು ಬಟನ್ ಒತ್ತೋ ಮೊದಲು ತಿಳ್ಕೊಳ್ಬೇಕಾದ್ದು

(ಇದು ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀವಿ.)



ಇವತ್ತು ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ. ಹ್ಯಾಮ್ ರೇಡಿಯೋ ಲೈಸೆನ್ಸ್ ಕೈಗೆ ಬಂದ ವಾರ. ಹೊಸ ಹ್ಯಾಂಡ್‌ಸೆಟ್. ರಾತ್ರಿ ಹನ್ನೊಂದು ಗಂಟೆ. ನಮ್ಮೂರಿಗೆ ಹತ್ತಿರದ ಗುಡ್ಡದ ಮೇಲೆ ಒಂದು ರಿಪೀಟರ್ ಇದೆ ಅಂತ ಗೊತ್ತಿತ್ತು. ಅದರ ಫ್ರೀಕ್ವೆನ್ಸಿ ಹಾಕಿ, ಮಾತಾಡೋ ಬಟನ್ ಒತ್ತಿ ಬಿಟ್ಟೆ. ಆ ಕಡೆಯಿಂದ 'ಶ್ಶ್' ಅಂತ ಎರಡು ಸೆಕೆಂಡ್ ಸದ್ದು ಬಂದು ನಿಂತಿತು. ಅಂದ್ರೆ ನನ್ನ ಸಿಗ್ನಲ್ ಗುಡ್ಡ ಮುಟ್ಟಿದೆ! ಖುಷಿ ತಡೀಲಿಲ್ಲ. ಬಾಲ್ಕನಿಯಿಂದ ಒತ್ತಿದೆ, ಅಡುಗೆಮನೆಯಿಂದ ಒತ್ತಿದೆ, ಟೆರೇಸ್‌ಗೆ ಹೋಗಿ ಒತ್ತಿದೆ. ಹತ್ತು ಹನ್ನೆರಡು ಸಲ ಆಗಿರಬೇಕು. ಒಂದು ಸಲಾನೂ ಬಾಯಿ ಬಿಡಲಿಲ್ಲ, ನಾಚಿಕೆ.

ಆಗ ಒಂದು ಹಿರಿಯ ದನಿ ಬಂತು. ಮೊದಲು ತಮ್ಮ ಕಾಲ್‌ಸೈನ್ ಹೇಳಿದ್ರು. ಆಮೇಲೆ ಸಮಾಧಾನವಾಗಿ, "ಯಾರಪ್ಪಾ ಅದು? ಬಾಗಿಲು ಬಡಿದು ಓಡಿಹೋಗೋದು ಯಾಕೆ? ಹೆಸರು ಹೇಳಿದ್ರೆ ಒಳಗೆ ಕರೀತೀನಲ್ಲ."

ನಾನು ಸೆಟ್ಟೇ ಆಫ್ ಮಾಡಿಬಿಟ್ಟೆ.

ಆ ರಿಪೀಟರ್ ಅವರದ್ದೇ. ಒಂದು ಭಾನುವಾರ ಹ್ಯಾಮ್‌ಗಳು ಸೇರಿದ್ದಾಗ ನಾನೇ ಹೋಗಿ ಒಪ್ಪಿಕೊಂಡೆ. "ಸರ್, ಅವತ್ತು ಬಾಗಿಲು ಬಡಿದವನು ನಾನೇ" ಅಂದೆ. ಜೋರಾಗಿ ನಕ್ಕರು. "ಸರಿ, ಬ್ಯಾಟರಿ ನೋಡೋಕೆ ಗುಡ್ಡ ಹತ್ತಬೇಕು, ನೀನೂ ಬಾ" ಅಂದ್ರು. ಈ ಎಪಿಸೋಡ್ ಪೂರ್ತಿ ಆ ಗುಡ್ಡದ ಮೇಲೆ ಕಲಿತದ್ದು.

ಮೊದಲು, ರಿಪೀಟರ್ ಅಂದ್ರೇನು?

ಕೈಯಲ್ಲಿ ಹಿಡಿಯೋ ಸೆಟ್‌ನ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್. ಅದು ಬಳಸೋ ವಿಎಚ್‌ಎಫ್ ಅಲೆಗಳು ಹೆಚ್ಚುಕಮ್ಮಿ ನೇರ ಹೋಗ್ತವೆ. ಮಧ್ಯ ಗುಡ್ಡ ಬಂದ್ರೆ, ದೊಡ್ಡ ಕಟ್ಟಡ ಬಂದ್ರೆ ಮುಗೀತು. ಊರೊಳಗೆ ಸೆಟ್‌ನಿಂದ ಸೆಟ್‌ಗೆ ಕೆಲವೇ ಕಿಲೋಮೀಟರ್ ಸಿಕ್ಕಿದ್ರೆ ಹೆಚ್ಚು.

ಅದಕ್ಕೆ ಎತ್ತರದ ಜಾಗದಲ್ಲಿ ಒಂದು ಯಂತ್ರ ಇಡ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸ್ಕೊಂಡು, ಅದೇ ಕ್ಷಣಕ್ಕೆ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತೆ. ಗುಡ್ಡದ ಈ ಕಡೆಯವರು, ಆ ಕಡೆಯವರು, ಇಬ್ಬರಿಗೂ ಗುಡ್ಡದ ತುದಿ ಕಾಣುತ್ತಲ್ಲ, ಹಾಗಾಗಿ ಇಬ್ಬರೂ ಮಾತಾಡಬಹುದು. ಕೆಲವೇ ಕಿಲೋಮೀಟರ್ ಹೋಗ್ತಿದ್ದ ದನಿ ಹತ್ತಾರು ಕಿಲೋಮೀಟರ್ ಹೋಗುತ್ತೆ.

ನಮ್ಮಲ್ಲಿ ಹ್ಯಾಮ್‌ಗಳು ಹೆಚ್ಚಾಗಿ ಬಳಸೋದು 144ರಿಂದ 146 ಮೆಗಾಹರ್ಟ್ಸ್ ಪಟ್ಟಿ. ಇದನ್ನ 'ಎರಡು ಮೀಟರ್' ಅಂತಾರೆ. ಇಲ್ಲಿ ರಿಪೀಟರ್ ಕೇಳೋ ಮತ್ತು ಹೇಳೋ ಫ್ರೀಕ್ವೆನ್ಸಿ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ಉದಾಹರಣೆಗೆ, ರಿಪೀಟರ್ 145.700ರಲ್ಲಿ ಹೇಳ್ತಿದ್ರೆ 145.100ರಲ್ಲಿ ಕೇಳ್ತಿರುತ್ತೆ. ಈ ಅಂತರಕ್ಕೆ ಆಫ್‌ಸೆಟ್ ಅಂತಾರೆ. ಜೊತೆಗೆ ಬಹಳ ರಿಪೀಟರ್‌ಗಳಿಗೆ ಒಂದು 'ಟೋನ್' ಬೇಕು. ನಿಮ್ಮ ದನಿ ಜೊತೆ ಸಣ್ಣಗೆ ಹೋಗೋ ಒಂದು ಕೆಳಸ್ವರ ಅದು, 88.5 ಹರ್ಟ್ಸ್ ಥರ. ಅದು ಸರಿ ಇದ್ರೆ ಮಾತ್ರ ರಿಪೀಟರ್ ಬಾಗಿಲು ತೆಗೆಯುತ್ತೆ. ಟೋನ್ ಅಂದ್ರೆ ಪಾಸ್‌ವರ್ಡ್ ಅಲ್ಲ, ಗುಟ್ಟೂ ಅಲ್ಲ. ಬೇರೆ ಸಿಗ್ನಲ್‌ಗಳಿಂದ ರಿಪೀಟರ್ ಸುಮ್ಮನೆ ಎಚ್ಚರ ಆಗದಿರ್ಲಿ ಅಂತ ಹಾಕೋದು.

ಇಲ್ಲಿ ಒಂದು ವಿಷಯ ನೆನಪಿಟ್ಕೊಳ್ಳಿ: ರಿಪೀಟರ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡೋಕೆ ಆಗೋದು. ವಾಟ್ಸಾಪ್ ಗ್ರೂಪ್‌ನಲ್ಲಿ ಹತ್ತು ಜನ ಒಟ್ಟಿಗೆ ಟೈಪ್ ಮಾಡಬಹುದು. ಇಲ್ಲಿ ಒಬ್ಬರು ಬಟನ್ ಹಿಡಿದಿದ್ದಾರೆ ಅಂದ್ರೆ ಇಡೀ ಜಿಲ್ಲೆ ಕಾಯ್ಬೇಕು. ಇವತ್ತು ಹೇಳೋ ಎಲ್ಲ ಮರ್ಯಾದೆಗಳೂ ಹುಟ್ಟೋದು ಇದೊಂದು ಕಾರಣದಿಂದ.

ಇದರ ಖರ್ಚು ಯಾರದ್ದು?

ನಾನು ಬಿಕಾಂ ಓದಿದವನು. ಗುಡ್ಡ ಹತ್ತಿದ ತಕ್ಷಣ ನನ್ನ ತಲೆಗೆ ಬಂದದ್ದು ಇದೇ ಪ್ರಶ್ನೆ.

ಒಂದು ಸಣ್ಣ ಕೋಣೆ. ಒಳಗೆ ರಿಪೀಟರ್. ಪಕ್ಕದಲ್ಲಿ ಉದ್ದುದ್ದ ಲೋಹದ ಡಬ್ಬಗಳು, ಅದಕ್ಕೆ ಡುಪ್ಲೆಕ್ಸರ್ ಅಂತಾರೆ. ಒಂದೇ ಆಂಟೆನಾದಲ್ಲಿ ಕೇಳೋದು, ಹೇಳೋದು ಎರಡೂ ಒಟ್ಟಿಗೆ ನಡೀಬೇಕಲ್ಲ, ಹೇಳೋ ಸಿಗ್ನಲ್ ಕೇಳೋ ಕಿವಿಯನ್ನ ಕಿವುಡು ಮಾಡದ ಹಾಗೆ ತಡೆಯೋದು ಈ ಡಬ್ಬಗಳ ಕೆಲಸ. ಒಂದು ದೊಡ್ಡ ಬ್ಯಾಟರಿ, ಚಾರ್ಜರ್, ಸಿಡಿಲಿಗೆ ಅರ್ಥಿಂಗ್. ಮೇಲೆ ಆಂಟೆನಾ, ಕೆಳಗಿನವರೆಗೂ ಕೇಬಲ್.

ಯಾವ ಕಂಪನಿಯೂ ಇದಕ್ಕೆ ದುಡ್ಡು ಕೊಡಲ್ಲ, ರೀಚಾರ್ಜ್ ಪ್ಯಾಕ್ ಇಲ್ಲ, ಜಾಹೀರಾತೂ ಇಲ್ಲ. ಇಂಥ ರಿಪೀಟರ್ ಯಾವುದೋ ಕ್ಲಬ್‌ದೋ, ಒಬ್ಬ ಹ್ಯಾಮ್‌ದೋ ಆಗಿರುತ್ತೆ. ಕರೆಂಟ್ ಬಿಲ್, ಬ್ಯಾಟರಿ, ಮಳೆಗಾಲದಲ್ಲಿ ಕೇಬಲ್ ಒಳಗೆ ನೀರು ಹೋದ್ರೆ ಅದರ ರಿಪೇರಿ, ಎಲ್ಲ ಅವರ ಜೇಬಿಂದ, ಅವರ ಭಾನುವಾರದಿಂದ. ಅದರಲ್ಲಿ ಏನಾದ್ರೂ ತಪ್ಪು ನಡೆದ್ರೆ ಇಲಾಖೆ ಮೊದಲು ಕೇಳೋದೂ ಅವರನ್ನೇ.

ಒಂದು ಲೆಕ್ಕ ಮಾಡೋಣ. 100 ಆಂಪಿಯರ್-ಅವರ್ ಬ್ಯಾಟರಿ ಅಂತ ಇಟ್ಕೊಳ್ಳಿ. ರಿಪೀಟರ್ ಸುಮ್ಮನೆ ಕೇಳ್ತಾ ಕೂತಾಗ ಅರ್ಧ ಆಂಪಿಯರ್ ಎಳೆಯುತ್ತೆ, ಮಾತು ದಾಟಿಸೋವಾಗ 5 ಆಂಪಿಯರ್ ಎಳೆಯುತ್ತೆ ಅಂತ ಹಿಡಿಯೋಣ. ಕರೆಂಟ್ ಹೋದ ಮೇಲೆ, ಯಾರೂ ಮಾತಾಡದಿದ್ರೆ ಅದು 200 ಗಂಟೆ ಬದುಕುತ್ತೆ, ಎಂಟು ದಿನಕ್ಕಿಂತ ಜಾಸ್ತಿ. ಒಂದೇ ಸಮ ಮಾತಾಡ್ತಾ ಇದ್ರೆ 20 ಗಂಟೆ, ಒಂದು ದಿನವೂ ಇಲ್ಲ. ಇದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಎರಡೂ ಇನ್ನೂ ಕಡಿಮೆ. ಆದ್ರೆ ನಾವು ಒತ್ತೋ ಪ್ರತಿ ಸೆಕೆಂಡ್‌ಗೂ ಯಾರೋ ಬೆಲೆ ಕೊಡ್ತಿದ್ದಾರೆ ಅನ್ನೋದು ಗೊತ್ತಾಯ್ತಲ್ಲ.

ಸರ್ ಹೇಳಿದ್ದು ಇಷ್ಟೇ: "ಇದು ನಮ್ಮನೆ ಜಗಲಿ ಇದ್ದ ಹಾಗೆ. ದಾರೀಲಿ ಹೋಗೋರು ಕೂತ್ಕೊಳ್ಳಲಿ ಅಂತಾನೇ ಕಟ್ಟಿದ್ದು. ಕೂತೋರು ಬೇರೆಯವರಿಗೂ ಸ್ವಲ್ಪ ಜಾಗ ಬಿಡಬೇಕು."

ಮಾತಾಡೋ ಮೊದಲು

ಒಂದು, ಲೈಸೆನ್ಸ್. ಆನ್‌ಲೈನ್‌ನಲ್ಲಿ ಸೆಟ್ ಸಿಗುತ್ತೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಾಕಿಟಾಕಿ ಮಾರಾಟದ ಬಗ್ಗೆ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿ ಪಟ್ಟಿ 446.0ರಿಂದ 446.2 ಮೆಗಾಹರ್ಟ್ಸ್, ಅದೂ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ. ಅದಕ್ಕೂ ಹ್ಯಾಮ್ ರಿಪೀಟರ್‌ಗೂ ಸಂಬಂಧ ಇಲ್ಲ. ಹ್ಯಾಮ್ ಆಗೋಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಪಾಸ್ ಆಗ್ಬೇಕು. 12 ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಡ, ಕಾಲ್‌ಸೈನ್ ವಿಯು3 ಅಂತ ಶುರುವಾಗುತ್ತೆ. ಜನರಲ್ ದರ್ಜೆಯವರಿಗೆ ವಿಯು2.

ಎರಡು, ಯಾರದ್ದು ಅಂತ ಕೇಳಿ. ಕೆಲವು ರಿಪೀಟರ್ ಎಲ್ಲ ಹ್ಯಾಮ್‌ಗಳಿಗೂ ತೆರೆದಿರುತ್ತೆ, ಕೆಲವು ಸದಸ್ಯರಿಗೆ ಮಾತ್ರ. ಫ್ರೀಕ್ವೆನ್ಸಿ, ಟೋನ್ ಎಲ್ಲೋ ಪಟ್ಟಿಯಲ್ಲಿ ಸಿಕ್ತು ಅಂದ್ರೆ ಅದು ಅನುಮತಿ ಅಲ್ಲ. ಹತ್ತಿರದ ಕ್ಲಬ್‌ನವರಿಗೋ ಮಾಲೀಕರಿಗೋ "ಸರ್, ನಾನು ಹೊಸಬ, ನಿಮ್ಮ ರಿಪೀಟರ್ ಬಳಸಬಹುದಾ?" ಅಂತ ಒಂದು ಮಾತು ಕೇಳಿ. ಬೇಡ ಅನ್ನೋರು ಕಮ್ಮಿ. ಕೇಳಿದವರನ್ನ ನೆನಪಿಟ್ಕೊಳ್ಳೋರು ಜಾಸ್ತಿ.

ಮೂರು, ಕೇಳಿಸ್ಕೊಳ್ಳಿ. ಒಂದು ವಾರ ಬರೀ ಕೇಳಿ ಅಂತೀನಿ. ಬೆಳಿಗ್ಗೆ ಯಾರು ಬರ್ತಾರೆ, ಯಾವ ಭಾಷೆಯಲ್ಲಿ ಮಾತಾಡ್ತಾರೆ, ಹೇಗೆ ಒಬ್ಬರನ್ನೊಬ್ಬರು ಕರೀತಾರೆ ಅಂತ ಗೊತ್ತಾಗುತ್ತೆ. ಪ್ರತಿ ಊರಿನ ರಿಪೀಟರ್‌ಗೂ ಅದರದ್ದೇ ರೂಢಿ ಇರುತ್ತೆ.

ಬಟನ್ ಒತ್ತಿದ ಮೇಲೆ

ಬಾಗಿಲು ಬಡಿದು ಓಡಬೇಡಿ. ನಾನು ಮಾಡಿದ್ದಕ್ಕೆ ಹ್ಯಾಮ್‌ಗಳು 'ಕರ್‌ಚಂಕ್' ಅಂತಾರೆ. ರಿಪೀಟರ್ ಸಿಗುತ್ತಾ ನೋಡಬೇಕಾ? ಕಾಲ್‌ಸೈನ್ ಹೇಳಿ, "ಟೆಸ್ಟಿಂಗ್" ಅನ್ನಿ, ಮುಗೀತು. ಕಾಲ್‌ಸೈನ್ ಇಲ್ಲದೆ ಬಟನ್ ಒತ್ತೋದು ನಿಯಮಕ್ಕೂ ವಿರುದ್ಧ.

ಒತ್ತಿ, ಒಂದು ಸೆಕೆಂಡ್ ತಡೆದು ಮಾತಾಡಿ. ರಿಪೀಟರ್ ನಿಮ್ಮ ಟೋನ್ ಗುರುತಿಸಿ ಎಚ್ಚರ ಆಗೋಕೆ ಅಷ್ಟು ಹೊತ್ತು ಬೇಕು. ಇಲ್ಲಾಂದ್ರೆ ಮೊದಲ ಅಕ್ಷರ ನುಂಗಿಹೋಗುತ್ತೆ. ನೀವು "ಅಸಾಧ್ಯ" ಅಂದಿರ್ತೀರಿ, ಆ ಕಡೆ "ಸಾಧ್ಯ" ಅಂತ ಕೇಳಿರುತ್ತೆ. ಹರಟೆಯಲ್ಲಿ ಇದು ತಮಾಷೆ. ಸೇತುವೆ ದಾಟಬಹುದಾ ಅಂತ ಯಾರೋ ಕೇಳಿದಾಗ ತಮಾಷೆ ಅಲ್ಲ.

ಕರೆಯೋದು ಸರಳ. ಅಲ್ಲಿ ಯಾರಾದ್ರೂ ಇದ್ದಾರಾ ಅಂತ ನೋಡ್ಬೇಕು ಅಂದ್ರೆ ಕಾಲ್‌ಸೈನ್ ಹೇಳಿ, ಕೇಳ್ತಿದ್ದೀನಿ ಅನ್ನೋ ಅರ್ಥಕ್ಕೆ "ಮಾನಿಟರಿಂಗ್" ಅನ್ನಿ. ನಿಮ್ಮ ಕಾಲ್‌ಸೈನ್ ವಿಯು3 ಎಕ್ಸ್‌ವೈಜೆಡ್ ಅಂತಿಟ್ಕೊಳ್ಳಿ. ಮೊದಲ ಸಲ ಬಿಡಿಸಿ ಹೇಳಿ: ವಿಕ್ಟರ್, ಯೂನಿಫಾರ್ಮ್, ತ್ರೀ, ಎಕ್ಸ್‌ರೇ, ಯಾಂಕೀ, ಜುಲು. ಬಿ, ಡಿ, ಪಿ ಎಲ್ಲ ರೇಡಿಯೋದಲ್ಲಿ ಒಂದೇ ಥರ ಕೇಳುತ್ತೆ, ಅದಕ್ಕೆ ಈ ಪದಗಳು. ದೂರದೂರಿನ ಯಾರಾದ್ರೂ ಸಿಗ್ಲಿ ಅಂತ 'ಸಿಕ್ಯೂ ಸಿಕ್ಯೂ' ಅಂತ ಉದ್ದಕ್ಕೆ ಕೂಗೋದು ಎಚ್‌ಎಫ್ ಪಟ್ಟಿಯ ಅಭ್ಯಾಸ. ರಿಪೀಟರ್‌ನಲ್ಲಿ ಅದು ಬೇಡ. ಮಾತು ಶುರುವಲ್ಲಿ, ಕೊನೆಯಲ್ಲಿ, ಉದ್ದ ಹರಟೆಯಾದ್ರೆ ಮಧ್ಯೆ ಮಧ್ಯೆ ಕಾಲ್‌ಸೈನ್ ಹೇಳಿ.

ಈಗ ಬರೋದು ಎಲ್ಲಕ್ಕಿಂತ ಮುಖ್ಯವಾದ್ದು. ಬೇರೆ ಏನನ್ನ ಮರೆತ್ರೂ ಇದನ್ನ ಮರೀಬೇಡಿ. ಅವರು ಮಾತು ಮುಗಿಸಿದ ಕೂಡ್ಲೇ ನೀವು ಒತ್ತಬೇಡಿ. ಎರಡು ಸೆಕೆಂಡ್ ಬಿಡಿ. ಕೆಲವು ರಿಪೀಟರ್‌ನಲ್ಲಿ ಒಬ್ಬರು ಬಟನ್ ಬಿಟ್ಟ ಮೇಲೆ ಸಣ್ಣ 'ಬೀಪ್' ಬರುತ್ತೆ, ಅದು ಬರೋವರೆಗೂ ಕಾಯಿರಿ. ಯಾಕೆ? ಆ ಎರಡು ಸೆಕೆಂಡ್ ನಿಮಗಲ್ಲ. ಮೂರನೆಯವರಿಗೆ. ಆಕ್ಸಿಡೆಂಟ್ ಸ್ಪಾಟ್‌ನಲ್ಲಿ ನಿಂತಿರೋರು, ಚಾರಣದಲ್ಲಿ ದಾರಿ ತಪ್ಪಿರೋರು ತಮ್ಮ ಕಾಲ್‌ಸೈನ್ ತೂರಿಸೋಕೆ ಅದೊಂದೇ ಕಿಂಡಿ. ನಾವಿಬ್ಬರು ಉಸಿರು ಬಿಡದೆ ಹರಟ್ತಾ ಇದ್ರೆ ಆ ಕಿಂಡಿ ಮುಚ್ಚಿಹೋಗುತ್ತೆ. ಇಂಟರ್ನೆಟ್ ಮೂಲಕ ಬೇರೆ ಊರಿಗೆ ಜೋಡಿಸಿರೋ ರಿಪೀಟರ್ ಆದ್ರೆ ಇನ್ನೂ ಸ್ವಲ್ಪ ಜಾಸ್ತಿ ಬಿಡಿ, ದನಿ ಅಲ್ಲಿಗೆ ತಲುಪೋಕೆ ಹೊತ್ತಾಗುತ್ತೆ.

ಚಿಕ್ಕದಾಗಿ ಮಾತಾಡಿ. ಬಹಳ ರಿಪೀಟರ್‌ಗಳಲ್ಲಿ ಟೈಮರ್ ಇರುತ್ತೆ, ಸಾಮಾನ್ಯವಾಗಿ ಮೂರು ನಿಮಿಷದ್ದು. ಒಬ್ಬರೇ ಅದಕ್ಕಿಂತ ಜಾಸ್ತಿ ಹಿಡಿದ್ರೆ ತಾನೇ ಕಟ್ ಮಾಡುತ್ತೆ. ಇದು ಮಾತುಗಾರರಿಗೆ ಮಾತ್ರ ಅಲ್ಲ, ಸೆಟ್ ಮೇಲೆ ಕೂತುಬಿಡೋರಿಗೂ. ಬ್ಯಾಗಲ್ಲಿ ಬಟನ್ ಒತ್ತಿಹೋಗಿ, ನಾನು ಆಟೋ ಬಾಡಿಗೆಗೆ ಚೌಕಾಸಿ ಮಾಡಿದ್ದು ಒಂದು ಸಲ ಇಡೀ ಊರಿಗೆ ಕೇಳಿದೆ. ಟೈಮರ್ ಮರ್ಯಾದೆ ಉಳಿಸ್ತು, ಪೂರ್ತಿ ಅಲ್ಲ.

ಹತ್ತಿರದಲ್ಲಿದ್ರೆ ರಿಪೀಟರ್ ಬಿಡಿ. ಪಕ್ಕದ ಬೀದಿಯವರ ಜೊತೆ ಮಾತಾಡೋಕೆ ಗುಡ್ಡದ ಬ್ಯಾಟರಿ ಯಾಕೆ? ಅನೇಕ ಸೆಟ್‌ಗಳಲ್ಲಿ 'ರಿವರ್ಸ್' ಅಂತ ಇರುತ್ತೆ. ಅದನ್ನ ಒತ್ತಿದಾಗ ಅವರ ದನಿ ನೇರ ಕೇಳಿದ್ರೆ ಸಿಂಪ್ಲೆಕ್ಸ್‌ಗೆ, ಅಂದ್ರೆ ಸೆಟ್‌ನಿಂದ ಸೆಟ್‌ಗೆ ನೇರ ಹೋಗೋ ಫ್ರೀಕ್ವೆನ್ಸಿಗೆ, ಹೋಗಿಬಿಡಿ.

'ನೆಟ್' ನಡೀತಿದ್ರೆ ಸರದಿ ಕಾಯಿರಿ. ನಿಗದಿಯಾದ ಸಮಯಕ್ಕೆ ಎಲ್ಲರೂ ಸೇರಿ ಹಾಜರಿ ಹಾಕೋ ಕಾರ್ಯಕ್ರಮಕ್ಕೆ ನೆಟ್ ಅಂತಾರೆ. ನಡೆಸೋರು ಒಬ್ಬರಿರ್ತಾರೆ, ಅವರು ಕರೆದಾಗ ಕಾಲ್‌ಸೈನ್ ಹೇಳಿ. ಹೊಸಬರು ಗಂಟಲು ತೆರೆಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಏನು ಮಾತಾಡಬಾರದು?

ವ್ಯಾಪಾರ ಇಲ್ಲ, ಜಾಹೀರಾತು ಇಲ್ಲ, ಹಾಡು ಹಾಕೋ ಹಾಗಿಲ್ಲ. ಈ ಪಾಡ್‌ಕಾಸ್ಟ್ ಕೇಳಿ ಅಂತ ಕೂಡ ನಾನು ಅಲ್ಲಿ ಹೇಳೋ ಹಾಗಿಲ್ಲ! ರಾಜಕೀಯ, ಜಾತಿ, ಧರ್ಮದ ಜಗಳ ಬೇಡ. ಅಲ್ಲಿ ಖಾಸಗಿ ಅನ್ನೋದಿಲ್ಲ, ಯಾರು ಬೇಕಾದ್ರೂ ಕೇಳ್ತಿರಬಹುದು. ಹನ್ನೆರಡು ವರ್ಷದ ಮಗು ಕೇಳ್ತಿದೆ ಅಂದ್ಕೊಂಡು ಮಾತಾಡಿ, ಯಾಕಂದ್ರೆ ನಿಜವಾಗ್ಲೂ ಕೇಳ್ತಿರಬಹುದು. ಬೇರೆಯವರ ಮಾತು ರೆಕಾರ್ಡ್ ಮಾಡಿ ರೀಲ್ಸ್‌ಗೆ ಹಾಕಬೇಡಿ. ಈ ಎಪಿಸೋಡ್‌ನಲ್ಲಿ ರಿಪೀಟರ್‌ನ ಆಡಿಯೋ ಕ್ಲಿಪ್ ಇಲ್ಲದಿರೋದಕ್ಕೆ ಕಾರಣವೂ ಅದೇ.

ಯಾರಾದ್ರೂ ಕಿರಿಕ್ ಮಾಡಿದ್ರೆ, ಶಿಳ್ಳೆ ಹೊಡೆದ್ರೆ, ಮಾತಿನ ಮೇಲೆ ಬಟನ್ ಒತ್ತಿದ್ರೆ, ಉತ್ತರ ಕೊಡಬೇಡಿ. ಬೈಯಬೇಡಿ. ಅವರಿಗೆ ಬೇಕಾಗಿರೋದೇ ಅದು. ಸಮಯ ಬರೆದಿಟ್ಕೊಂಡು ಮಾಲೀಕರಿಗೆ ತಿಳಿಸಿ.

ಎಮರ್ಜೆನ್ಸಿ ಬಂದ್ರೆ

ಫೋನ್ ಸಿಗ್ನಲ್ ಇದ್ರೆ ಮೊದಲು 112. ಇಲ್ಲದಿದ್ರೆ ಆ ಎರಡು ಸೆಕೆಂಡ್ ಕಿಂಡಿಯಲ್ಲಿ ಕಾಲ್‌ಸೈನ್ ಹೇಳಿ "ಎಮರ್ಜೆನ್ಸಿ" ಅನ್ನಿ. ಕೇಳಿದವರು ತಕ್ಷಣ ಮಾತು ನಿಲ್ಲಿಸಬೇಕು. ಒಬ್ಬರು ಉತ್ತರಿಸ್ತಾರೆ. ಉಳಿದವರು ಪೆನ್ನು ತಗೊಂಡು ಜಾಗ, ಸಮಯ, ಎಷ್ಟು ಜನ ಅಂತ ಬರ್ಕೊಂಡು ಸುಮ್ಮನಿರ್ಬೇಕು. 'ನಾನೂ ಇದ್ದೀನಿ' ಅಂತ ಎಲ್ಲರೂ ಒತ್ತಿದ್ರೆ ಸಹಾಯ ಅಲ್ಲ, ಅಡ್ಡಿ.

ಈ ಶಿಸ್ತಿಗೆ ಬೆಲೆ ಇದೆ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನ್‌ನಲ್ಲಿತ್ತು. ಹವ್ಯಾಸದ ಸಂಪರ್ಕಕ್ಕೆ ಅಂತ ಹೋಗಿದ್ದವರು. ಫೋನ್‌ಗಳು ಸತ್ತುಹೋದಾಗ ಪೋರ್ಟ್ ಬ್ಲೇರ್‌ನಿಂದ ಅವರ ರೇಡಿಯೋ ಸುದ್ದಿ ದಾಟಿಸಿತು. ಅದು ರಿಪೀಟರ್ ಅಲ್ಲ, ದೂರ ಹೋಗೋ ಎಚ್‌ಎಫ್ ರೇಡಿಯೋ. ಆದ್ರೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರೋ ಪಾಠ ಎರಡಕ್ಕೂ ಒಂದೇ.

ಅಮೆರಿಕದಲ್ಲಿರೋ ಕೇಳುಗರಿಗೆ

ನಿಮ್ಮಲ್ಲಿ ಹ್ಯಾಮ್ ಜೊತೆ ಜಿಎಂಆರ್‌ಎಸ್ ಅಂತ ಇನ್ನೊಂದಿದೆ. ಪರೀಕ್ಷೆ ಇಲ್ಲ, 35 ಡಾಲರ್ ಶುಲ್ಕ, 10 ವರ್ಷದ ಲೈಸೆನ್ಸ್, ಒಂದೇ ಲೈಸೆನ್ಸ್‌ನಲ್ಲಿ ಇಡೀ ಮನೆಯವರು ಮಾತಾಡಬಹುದು. ಅಲ್ಲಿ ರಿಪೀಟರ್ 467 ಮೆಗಾಹರ್ಟ್ಸ್‌ನಲ್ಲಿ ಕೇಳಿ 462ರಲ್ಲಿ ಹೇಳುತ್ತೆ, ಅಂತರ 5 ಮೆಗಾಹರ್ಟ್ಸ್. ಅಲ್ಲಿನ ರಿಪೀಟರ್‌ಗಳೂ ಖಾಸಗಿಯವರದ್ದೇ. ಬಳಸೋ ಮೊದಲು ಮಾಲೀಕರ ಅನುಮತಿ ಕೇಳಿ.

ಕೊನೆಗೆ, ಒಂದು ಮಳೆ ರಾತ್ರಿ

ಕಳೆದ ಮಳೆಗಾಲದಲ್ಲಿ ಎರಡು ದಿನ ನಮ್ಮ ಕಡೆ ಕರೆಂಟ್ ಇರಲಿಲ್ಲ. ಎರಡನೇ ಸಂಜೆಗೆ ಮೊಬೈಲ್ ಟವರ್‌ಗಳೂ ಹೋದವು. ನಾನು ಸೆಟ್ ಆನ್ ಮಾಡಿಟ್ಕೊಂಡು ಕೂತಿದ್ದೆ. ಗುಡ್ಡದ ಮೇಲಿನ ರಿಪೀಟರ್ ಬ್ಯಾಟರಿ ಮೇಲೆ ನಡೀತಿತ್ತು. ಮಾತಾಡೋ ಆಸೆ ಇತ್ತು, ಆದ್ರೆ ಆ 200 ಗಂಟೆ, 20 ಗಂಟೆ ಲೆಕ್ಕ ತಲೆಯಲ್ಲಿತ್ತು. ಬಾಕಿಯವರಿಗೂ ಇತ್ತು ಅನ್ಸುತ್ತೆ, ಇಡೀ ಸಂಜೆ ಯಾರೂ ಹರಟಲಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಕಣಿವೆ ಕಡೆಯ ಒಬ್ಬರು ಕಾಲ್‌ಸೈನ್ ಹೇಳಿದ್ರು. ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ತಾಲ್ಲೂಕಿಗೆ ಯಾವ ರಸ್ತೆ ತೆರೆದಿದೆ ಅಂತ ಕೇಳಿದ್ರು. ಸರ್ ಉತ್ತರ ಕೊಟ್ರು. "ಕೆರೆ ಏರಿ ರಸ್ತೆಗೆ ಮರ ಬಿದ್ದಿದೆ, ಹೋಗಬೇಡಿ. ಹಳೇ ರಸ್ತೆ ಹಿಡೀರಿ, ಒಂದು ಗಂಟೆ ಹಿಂದೆ ಜೀಪ್ ಬಂದಿದೆ." ಅವರು ಅದನ್ನೇ ತಿರುಗಿ ಹೇಳಿ ಖಚಿತ ಮಾಡ್ಕೊಂಡ್ರು. ಒಂದು ನಿಮಿಷವೂ ಆಗಿಲ್ಲ. ಎಷ್ಟು ಜನ ಕೇಳ್ತಿದ್ರೋ ಗೊತ್ತಿಲ್ಲ, ಒಬ್ಬರೂ ಮಧ್ಯೆ ಒತ್ತಲಿಲ್ಲ.

ಹತ್ತೂವರೆಗೆ ಅವರು ಮತ್ತೆ ಬಂದು, "ತಲುಪಿದ್ವಿ ಸರ್, ಥ್ಯಾಂಕ್ಸ್" ಅಂದ್ರು. ಎರಡು ಸೆಕೆಂಡ್ ಬಿಟ್ಟು ಸರ್, "ಸರಿ. 73" ಅಂದ್ರು. ಹ್ಯಾಮ್‌ಗಳು ವಿದಾಯ ಹೇಳೋದು ಹಾಗೆ.

ಇವತ್ತಿಗೆ ಇಷ್ಟೇ. ಮುಂದಿನ ಎಪಿಸೋಡ್‌ನಲ್ಲಿ ಹ್ಯಾಮ್ ಪರೀಕ್ಷೆಗೆ ಹೇಗೆ ಓದೋದು, ನನ್ನ ಥರ ಕಾಮರ್ಸ್‌ನವರು ಓಮ್ಸ್ ಲಾ ಎಲ್ಲಿಂದ ಶುರು ಮಾಡ್ಬೇಕು ಅಂತ ಮಾತಾಡೋಣ. ಅಲ್ಲಿವರೆಗೂ, 73.